ಹೆಂಗರುಳಲ್ಲ ಸಾರ್

ಠಾಣೆಯಲ್ಲಿ ಎಲ್ಲರೂ ಅವಳನ್ನು ಗುಡುಗಮ್ಮ ಎಂದೇ ಕರೆಯುತ್ತಿದ್ದರು. ಹೆಡ್ ಕಾನ್ಸ್‌ಟೇಬಲ್. ಗಂಟಲು ದೊಡ್ಡದು, ತಾಳ್ಮೆ ಸಣ್ಣದು. ಆದರೂ ಕಣ್ಣೊರೆಸಿಕೊಂಡು ಯಾವ ಹೆಂಗಸು ಬಂದರೂ ಇನ್‌ಸ್ಪೆಕ್ಟರ್ ಅವಳ ಮೇಜಿನತ್ತಲೇ ಕೈ ತೋರಿಸುತ್ತಿದ್ದರು. ಬೆನ್ನಟ್ಟುವುದು, ಬಾಗಿಲು ಒಡೆಯುವುದೆಲ್ಲ ಗಂಡಸರ ಪಾಲು. ಸಮಾಧಾನ ಹೇಳುವುದರಲ್ಲಿ ನಿಜವಾಗಿ ಪಳಗಿದವರೆಂದರೆ ಮೂಲೆಯ ಕುರ್ಚಿಯ ಹಿರಿಯ ಪೇದೆ. ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಅವರೆದುರು ಎಂಥವರೂ ಮನಸ್ಸು ಬಿಚ್ಚುತ್ತಿದ್ದರು. ಆದರೆ ಅವರನ್ನು ಕೇಳುವವರೇ ಇರಲಿಲ್ಲ.

ಒಂದು ಮಧ್ಯಾಹ್ನ ಕಬ್ಬಿಣದ ಸಾಮಾನಿನ ಅಂಗಡಿಯವನ ಹೆಂಡತಿ ಏದುಸಿರು ಬಿಡುತ್ತ ಓಡಿಬಂದಳು. ಅಂಗಡಿಯ ಪಾಲಿನ ಜಗಳದಲ್ಲಿ ಮೈದುನ ಅವಳ ಗಂಡನನ್ನು ಒಳಗೆ ಕೂಡಿಹಾಕಿ ಮಚ್ಚು ಹಿಡಿದು ನಿಂತಿದ್ದ.

"ನೀನಿಲ್ಲೇ ಇರಮ್ಮ, ಈಕೆಯನ್ನ ನೋಡ್ಕೋ," ಎಂದರು ಇನ್‌ಸ್ಪೆಕ್ಟರ್.

"ನಾನು ಸಮಾಧಾನ ಮಾಡಿದ್ರೆ ಅಳು ಇನ್ನೂ ಜಾಸ್ತಿ ಆಗುತ್ತೆ ಸಾರ್. ಮೇಷ್ಟ್ರು ಇರಲಿ," ಎಂದವಳೇ ಜೀಪು ಹತ್ತಿ ಕೂತಳು. ಇಳಿಸಲು ಯಾರಿಗೂ ಪುರುಸೊತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಷಟರ್ ಬಡಿದು ಕೂಗಾಡುತ್ತಿರುವಾಗ ಅವಳು ಹಿಂಬಾಗಿಲಿನಿಂದ ನುಗ್ಗಿದಳು. ಮೈದುನ ತಿರುಗುವಷ್ಟರಲ್ಲಿ ತೋಳನ್ನು ಬೆನ್ನಿಗೆ ತಿರುಚಿ ಕೆಡವಿದಳು. ಮಚ್ಚು ಮೊಳೆ ಡಬ್ಬಿಗಳ ನಡುವೆ ಹೋಗಿ ಬಿತ್ತು. ಅಂಗಡಿಯವನ ಮೈಮೇಲೆ ಒಂದು ಗೀರೂ ಆಗಿರಲಿಲ್ಲ.

ಬೇಡಿ ಹಾಕಿ ಹೊರಗೆ ಕರೆತಂದರೆ ಬೀದಿ ತುಂಬ ಜನ, ಎಲ್ಲರ ಕೈಯಲ್ಲೂ ಫೋನು. "ಎರಡು ಬಿಡಿ ಸಾರ್ ಅವನಿಗೆ!" ಎಂದು ಯಾರೋ ಕೂಗಿದರು. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಸನ್ನೆ ಮಾಡಿದರು. ಹೊಸ ಪೇದೆಯೊಬ್ಬ ಲಾಠಿ ಎತ್ತಿದ. ಗುಡುಗಮ್ಮ ಕೈ ಅಡ್ಡ ಹಿಡಿದಳು. ಏಟು ಅವಳ ಮುಂಗೈಗೆ ಬಿತ್ತು.

"ಹೆಂಗಸರನ್ನ ಕರ್ಕೊಂಡು ಬಂದ್ರೆ ಇದೇ ಗೋಳು," ಇನ್‌ಸ್ಪೆಕ್ಟರ್ ಹಲ್ಲು ಕಡಿದರು. "ಹೆಂಗರುಳು!"

"ಹೆಂಗರುಳಲ್ಲ ಸಾರ್. ಒಳಗೆ ಇವನ ತೋಳು ತಿರುಚಿದ್ದು ನಾನೇ, ಬೇಕಾದ್ರೆ ಕೇಳಿ. ಆಗ ಇವನ ಕೈಯಲ್ಲಿ ಮಚ್ಚಿತ್ತು. ಈಗ ಬೇಡಿ ಇದೆ."

ಸಂಜೆ ಅವಳ ದರ್ಜಿ ಗಂಡ ಹೊಲಿಗೆ ಮಿಷನ್ನು ನಿಲ್ಲಿಸಿ ಊದಿದ ಕೈ ನೋಡಿದ. "ಯಾವ ಕಳ್ಳ ಹೊಡೆದದ್ದು?"

"ಕಳ್ಳ ಅಲ್ಲ ರೀ, ಪೊಲೀಸು."

ನಗಬೇಕೋ ಬೇಡವೋ ತಿಳಿಯದೆ ಅವನು ಐಸು ತರಲು ಎದ್ದ.

ಮರುದಿನ ಮೇಲಧಿಕಾರಿ ಕರೆಸಿದರು. "ನಾಲ್ಕು ಜನರ ಮುಂದೆ ಇನ್‌ಸ್ಪೆಕ್ಟರ್ ಮರ್ಯಾದೆ ತೆಗೆದಿದ್ದೀಯ. ಕ್ಷಮೆ ಕೇಳಿಬಿಡಮ್ಮ, ಇಲ್ಲಿಗೇ ಮುಗಿಯುತ್ತೆ."

"ಬೇಡಿ ಹಾಕಿದವನಿಗೆ ಹೊಡೆಸಿದ್ರೆ ಮರ್ಯಾದೆ ಉಳೀತಿತ್ತಾ ಸಾರ್? ನಾನು ಕೇಳಲ್ಲ."

ಅವಳ ಜೊತೆಗೆ ಬಂದಿದ್ದ ಮೇಷ್ಟ್ರು ಮೆಲ್ಲಗೆ, "ಅವಳು ಮಾಡಿದ್ದೇ ಸರಿ ಸಾರ್," ಎಂದರು. ಅವರನ್ನು ಗೇಟು ಕಾಯಲು ಹಾಕಿದರು. ಅವಳನ್ನು ವೈರ್‌ಲೆಸ್ ಕೋಣೆಗೆ ಎತ್ತಿಹಾಕಿದರು.

ಅವಳು ಕುಗ್ಗಲಿಲ್ಲ. ಅಲ್ಲಿಂದಲೇ ಗುಡುಗಿದಳು, ಈಗ ಊರಿನ ಜೀಪುಗಳಿಗೆಲ್ಲ ಕೇಳುವಂತೆ.

ಒಂದು ದಿನ ಆ ಹೊಸ ಪೇದೆ ಬಾಗಿಲಲ್ಲಿ ಬಂದು ನಿಂತ. "ಅಕ್ಕಾ, ಆವತ್ತು ತಪ್ಪಾಯ್ತು."

"ಏನು ತಪ್ಪು? ಏಟು ನನಗೆ ಬಿದ್ದದ್ದೋ, ಬೇಡಿಯಲ್ಲಿದ್ದವನ ಮೇಲೆ ಲಾಠಿ ಎತ್ತಿದ್ದೋ?"

ಅವನ ಕಣ್ಣು ಅವಳ ಮುಂಗೈಯತ್ತ ಹೋಯಿತು.

"ಯೋಚನೆ ಮಾಡಿ ಬಾ," ಎಂದು ಅವಳು ಮೈಕು ಎತ್ತಿಕೊಂಡಳು.