ಬಿಸಿಲಿಗೆ ಹಾಕಿದ ಹಲಗೆ

ಐವತ್ತೆಂಟನೇ ಇಸವಿ. ಶಿಕಾರಿಪುರದಲ್ಲಿ ನಮ್ಮ ಮನೆಯವರದು ಬ್ಯಾಟರಿ ರಿಪೇರಿ ಅಂಗಡಿ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಬ್ಯಾಟರಿ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಆಸಿಡ್ ಸಿಡಿದು ತೂತು ಬೀಳದ ಸೀರೆ ಒಂದೂ ಇರಲಿಲ್ಲ. ಈಗ ಕಾರು ಕಂಪನಿಯವರು ಬ್ಯಾಟರಿ ಗಾಡಿಗೆ ಕೋಟಿಗಟ್ಟಲೆ ಸುರಿಯುತ್ತಿದ್ದಾರೆ ಅಂತ ಮೊಮ್ಮಗಳು ಪೇಪರ್ ಓದಿ ಹೇಳುತ್ತಾಳೆ. ಸುರಿಯಲಿ. ಆ ಆಸಿಡ್ ವಾಸನೆ ಮಾತ್ರ ನನಗೆ ಇವತ್ತಿಗೂ ಬೇಕು ಅನ್ನಿಸುತ್ತದೆ.

ಬಸ್ಸಿನ ಬ್ಯಾಟರಿಯೊಳಗೆ ಆರು ಸೆಲ್, ಅಂದರೆ ಆರು ಖಾನೆ. ಒಂದೊಂದರಲ್ಲೂ ಸೀಸದ ಪ್ಲೇಟುಗಳು. ಅವು ಒಂದಕ್ಕೊಂದು ತಾಗದಂತೆ ನಡುವೆ ಕಾಗದದಷ್ಟು ತೆಳ್ಳನೆಯ ಮರದ ಹಲಗೆ. ಅದಕ್ಕೆ ಸಪರೇಟರ್ ಅನ್ನುತ್ತಿದ್ದರು. ಅದು ಸೀಳಿದರೆ ಸೆಲ್ ಸತ್ತಂತೆ.

ಹೊಸ ಹಲಗೆಗಳು ಒದ್ದೆಯಾಗಿಯೇ ಬರುತ್ತಿದ್ದವು. ನೀರಲ್ಲೇ ಇರಲಿ ಅಂತ ಹೇಳಿ ಮನೆಯವರು ಸೊರಬಕ್ಕೆ ಹೋದರು. ನನಗೆ ಬೂಸು ಹಿಡಿಯುತ್ತದೆ ಅನ್ನಿಸಿತು. ಹಪ್ಪಳದ ಪಕ್ಕ ಚಾಪೆ ಹಾಸಿ ಒಣಗಿಸಿಬಿಟ್ಟೆ. ಸಂಜೆ ಮತ್ತೆ ನೀರಿಗೆ ಹಾಕಿದೆ, ಯಾರಿಗೂ ಹೇಳಲಿಲ್ಲ. ಅವನ್ನೇ ರುದ್ರಪ್ಪನವರ ಬಸ್ಸಿನ ಬ್ಯಾಟರಿಗೆ ಹಾಕಿ ಕಟ್ಟಿದೆ.

ಮೂರನೇ ದಿನ ಬೆಳಿಗ್ಗೆ ಆನವಟ್ಟಿಯಲ್ಲಿ ಬಸ್ಸು ಸ್ಟಾರ್ಟೇ ಆಗಲಿಲ್ಲವಂತೆ. ಮಧ್ಯಾಹ್ನ ಬ್ಯಾಟರಿ ಹೊರಿಸಿಕೊಂಡು ರುದ್ರಪ್ಪನವರು ಬಂದರು. ಹಿಂದೆ ಡ್ರೈವರ್ ಗಣಪತಿ, ಮುಖ ಬಾಡಿತ್ತು.

"ರಾತ್ರಿಯೆಲ್ಲ ಬಸ್ಸಿನ ಲೈಟ್ ಹಾಕ್ಕೊಂಡು ಇಸ್ಪೀಟ್ ಆಡಿದೀಯ! ಕೀ ಇಲ್ಲಿಡು, ಮನೆಗೆ ನಡಿ," ಅಂತ ರುದ್ರಪ್ಪನವರು ಅವನಿಗೆ ಗದರಿದರು.

"ದೇವರಾಣೆ ಇಲ್ಲ ಧಣೀ. ಆಫ್ ಮಾಡಿಯೇ ಮಲಗಿದ್ದೆ."

ನಾನು ಹೈಡ್ರೋಮೀಟರ್ ಇಳಿಸಿದೆ. ಆಸಿಡ್ಡಿಗೆ ಎಷ್ಟು ಬಲವಿದೆ ಅಂತ ತೋರಿಸುವ ಗಾಜಿನ ಕೊಳವೆ ಅದು. ಐದು ಸೆಲ್ ಚೆನ್ನಾಗಿದ್ದವು. ಒಂದು ಮಾತ್ರ ಬರೀ ನೀರು. ಲೈಟ್ ಉರಿದಿದ್ದರೆ ಆರೂ ಒಟ್ಟಿಗೆ ಇಳಿಯಬೇಕಿತ್ತು. ಮೇಲಿನ ಟಾರು ಕರಗಿಸಿ ಆ ಸೆಲ್ ಎತ್ತಿದೆ. ಬಿಸಿಲಿಗೆ ಒಣಗಿದ್ದ ಹಲಗೆ ಉದ್ದಕ್ಕೂ ಸೀಳಿತ್ತು.

ಸೊರಬದಿಂದ ವಾಪಸು ಬಂದಿದ್ದ ನಮ್ಮ ಮನೆಯವರಿಗೆ ನೋಡಿದ ಕೂಡಲೇ ಗೊತ್ತಾಯಿತು. "ಸುಮ್ಮನಿರು" ಅಂತ ಕಣ್ಣಲ್ಲೇ ಹೇಳಿದರು. ಅಂಗಡಿ ಹೆಸರು ಹೋದರೆ ನಮ್ಮ ಹೊಟ್ಟೆಗೆ ಕಲ್ಲು. ಸುಮ್ಮನಿದ್ದರೆ ಗಣಪತಿಯ ಹೊಟ್ಟೆಗೆ.

"ಅವನಿಗೆ ಕೀ ಕೊಡ್ರೀ. ಹಲಗೆ ಬಿಸಿಲಿಗೆ ಹಾಕಿ ಕೆಡಿಸಿದ್ದು ನಾನು," ಅಂದೆ.

"ನನ್ನ ಬಸ್ಸನ್ನೇ ಹಪ್ಪಳ ಮಾಡಿದ್ಯಲ್ಲ ಬೂಬಮ್ಮ!" ಅಂತ ರುದ್ರಪ್ಪನವರು ರೇಗಿ ಕೀಯನ್ನು ಗಣಪತಿಯ ಕೈಗೆ ಎಸೆದರು. ಬ್ಯಾಟರಿಯನ್ನು ಶಿವಮೊಗ್ಗದ ಅಂಗಡಿಗೆ ಒಯ್ದರು. ಗಣಪತಿ ಮಾತ್ರ ನಮ್ಮ ಬಾಗಿಲು ದಾಟುವಾಗ ದಿನಾ ಒಂದು ಹಾರ್ನ್ ಹೊಡೆಯುತ್ತಿದ್ದ.

ಮಳೆಗಾಲ ಕಳೆದ ಮೇಲೆ ರುದ್ರಪ್ಪನವರೇ ಬ್ಯಾಟರಿ ತಂದು ಕಟ್ಟೆಯ ಮೇಲಿಟ್ಟರು.

"ಶಿವಮೊಗ್ಗದ ಅಂಗಡಿಯವರಿಗೆ ಏನು ಕೆಟ್ಟರೂ ಡ್ರೈವರ್‌ದೇ ತಪ್ಪಂತೆ. ನೀನೇ ನೋಡು ತಾಯಿ."

ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮೊದಲು ಆರೂ ಸೆಲ್ ನೋಡು, ಆಮೇಲೆ ಮನುಷ್ಯನನ್ನು ಬೈ. ಬೈಸಿಕೊಳ್ಳಬೇಕಾದವಳು ನೀನೇ ಆಗಿದ್ದರೆ, ಬೇಗ ಬೈದುಕೊಂಡು ಕೆಲಸಕ್ಕೆ ಕೂತುಕೋ.