ಚೀಲದ ನಡುವಿನ ಮಾಲು

ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಗಣಿತ ನನ್ನ ಕೈಬಿಡಲಿಲ್ಲ, ಇಂಗ್ಲಿಷ್ ಮಾತ್ರ ಮುಳುಗಿಸಿತು. ಅಳುತ್ತ ಕೂರುವ ಪೈಕಿ ನಾನಲ್ಲ. ಬರೀ ಇಂಗ್ಲಿಷ್ ಕಲಿಸುವ ಕೋಚಿಂಗ್ ಕ್ಲಾಸ್ ಹುಡುಕಿಕೊಂಡು ಚಿಕ್ಕೋಡಿಗೆ ಹೊರಟೆ. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರ ಮಾಡುವ ಅಪ್ಪನೂ ಜೊತೆಗೆ ಬಂದರು.

ಅಪ್ಪ ತಂಬಾಕು ಕೊಳ್ಳುವಾಗ ಚೀಲದ ಮೇಲಿನ ಮಾಲು ನೋಡುವುದೇ ಇಲ್ಲ. ಚಲೋ ಮಾಲನ್ನು ಎಲ್ಲರೂ ಮೇಲೆಯೇ ಇಟ್ಟಿರುತ್ತಾರೆ. ಅವರು ನಡುವಿಗೆ ಕೈ ತೂರಿಸಿ, ಒಂದು ಹಿಡಿ ತೆಗೆದು ಮೂಸುತ್ತಾರೆ.

ಕ್ಲಾಸಿನ ಮಾಲೀಕರು, "ನಾಳೆ ಡೆಮೊ ಐತಿ, ಬಂದ ಕೇಳ್ರಿ" ಎಂದರು.

"ಡೆಮೊ ಬ್ಯಾಡ್ರಿ ಸರ್. ಈಗ ಒಳಗ ನಡದಿದ್ದ ಕ್ಲಾಸಿನ್ಯಾಗ ಕುಂಡರ್ತೀವಿ" ಎಂದೆ.

"ಹಂಗ ಯಾರೂ ಕೇಳೂದಿಲ್ರಿ" ಎನ್ನುತ್ತ ಅವರು ಅಪ್ಪನ ಕಡೆ ತಿರುಗಿದರು. ಅಪ್ಪ ಆಗಲೇ ಚಪ್ಪಲಿ ಬಿಟ್ಟು, ಒಳಗೆ ಹಿಂದಿನ ಬೆಂಚಿನ ಮೇಲೆ ಕೂತಿದ್ದರು.

ನಾನೂ ಒಳಗೆ ಹೋಗಿ ಮುಂದಿನ ಬೆಂಚಿನಲ್ಲಿ ಕೂತೆ. ಪಾಠ ಮಾಡುತ್ತಿದ್ದ ಮೇಡಂ ನನ್ನನ್ನು ಎಬ್ಬಿಸಿ, ಇಂಗ್ಲಿಷಿನಲ್ಲಿ ನಿನ್ನ ಪರಿಚಯ ಹೇಳು ಎಂದರು. ಅದು ನನಗೆ ಬಾಯಿಪಾಠ. ಸರಾಗವಾಗಿ ಶುರು ಮಾಡಿದೆ. ನಮ್ಮಪ್ಪ ತಂಬಾಕಿನ ವ್ಯಾಪಾರಿ ಎನ್ನುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಬಾಯಿಪಾಠ ಸಾಕವಾ. ತಂಬಾಕ ಹೆಂಗ ನೋಡಿ ತಗೋತಾರ, ಅದನ್ನ ಇಂಗ್ಲಿಷಿನ್ಯಾಗ ಹೇಳು."

"ಟೊಬ್ಯಾಕೊ" ಎಂದೆ. ಮುಂದಿನದನ್ನು ಗಾಳಿಯಲ್ಲಿ ಕೈ ತೂರಿಸಿ, ಮೂಸಿ ತೋರಿಸಿದೆ. ಕ್ಲಾಸನ್ನು ಪರೀಕ್ಷೆ ಮಾಡಲು ಬಂದವಳು ನಾನು.

ಹಿಂದಿನ ಬೆಂಚಿನಿಂದ ಅಪ್ಪ ಮೆಲ್ಲಗೆ ಹೇಳಿದರು: "ಇಲ್ಲೇ ಹೆಸರ ಹಚ್ಚವಾ. ಇವರೂ ನಡುವ ಕೈ ಹಾಕಿ ನೋಡ್ತಾರ."