ಹಿಂದಿನ ಅಚ್ಚಿನಲ್ಲಿ ಔಡಲೆಣ್ಣೆ

ಹೋದ ಭಾನುವಾರ ಮುಂಜಾನೆ ಮೂಡಲಗಿಯ ಒಂದು ಹಿತ್ತಲಲ್ಲಿ, ಮಿಲಿಟರಿ ಹರಾಜಿನಿಂದ ಬಂದ ಸಣ್ಣ ಲಾರಿಯೊಂದರ ಹಿಂದಿನ ಅಚ್ಚಿನ ಬೂಚು ಬಿಚ್ಚಿದಾಗ, ಗೇರ್ ಆಯಿಲ್ ಬರಬೇಕಾದ ತೂತಿನಿಂದ ಔಡಲೆಣ್ಣೆ ಬಂತು.

ಇದು ಕೇಳಿದ ಸುದ್ದಿಯಲ್ಲ. ನಾನು ಆ ತೂತಿನ ಕೆಳಗೇ ಅಗಲ ಬಾಯಿಯ ಪರಾತ ಹಿಡಿದುಕೊಂಡು ಮಲಗಿದ್ದೆ. (ಒಳ್ಳೆಯ ಅಂಗಿ ತೊಟ್ಟು ಹೋಗಿದ್ದೆ. ಅದನ್ನು ಈಗ ಒಳ್ಳೆಯ ಅಂಗಿ ಎನ್ನುವಂತಿಲ್ಲ.)

ಲಾರಿ ನನ್ನ ಗೆಳೆಯ ಈರಪ್ಪನದು. ಶಾಲೆಯಲ್ಲಿ ನನ್ನ ಪಕ್ಕ ಕೂತವನು. ಮಹಾಯುದ್ಧದಲ್ಲಿ ಬರ್ಮಾದ ಕಡೆ ಮಿಲಿಟರಿ ಗಾಡಿ ಓಡಿಸಿ, ಎರಡೂ ಕೈ ಎರಡೂ ಕಾಲು ನೆಟ್ಟಗೆ ತಂದವನು. ಊರಿಗೆ ಬಂದ ಮೇಲೆ ಹರಾಜಿನಲ್ಲಿ ಈ ಗಾಡಿ ಹಿಡಿದ. ಮುಂದೆ ಇಬ್ಬರು ಕೂಡಬಹುದು, ಹಿಂದೆ ತೆರೆದ ತೊಟ್ಟಿ. ಈರಪ್ಪ ಅದನ್ನು ಪಿಕಪ್ ಎನ್ನುತ್ತಾನೆ. ಅವನ ತಾಯಿ ಗಂಗವ್ವ ಮೋಟಾರ ಎನ್ನುತ್ತಾರೆ. ಅವನ ಕಾಕಾ ಸತ್ತೆಪ್ಪ ‘ಅದು’ ಎನ್ನುತ್ತಾರೆ.

ಸತ್ತೆಪ್ಪಕಾಕಾ ಚಕ್ಕಡಿಯವರು. ಈರಪ್ಪನ ತಂದೆ ತೀರಿದ ಮೇಲೆ ಆ ಮನೆಯನ್ನು ಎಳೆದದ್ದು ಅವರ ಒಂದು ಜೋಡಿ ಕಿಲಾರಿ ಎತ್ತು. ಮೂಡಲಗಿಯ ಬೆಲ್ಲ ಗೋಕಾಕಕ್ಕೆ ಬರುತ್ತಿದ್ದದ್ದು ಆ ಎತ್ತುಗಳ ಹಿಂದೆ.

ಈಗ ಮನೆಯಲ್ಲಿ ಚಕ್ಕಡಿಯೂ ಇದೆ, ಪಿಕಪ್ಪೂ ಇದೆ. ಗಂಗವ್ವ ಒಂದು ಕರಾರು ಹಾಕಿದ್ದರು. ಸೋಮವಾರ ಮೋಟಾರು ಬೆಲ್ಲ ಹೇರಿಕೊಂಡು ಹತ್ತರಗಿಗೆ ಹೋಗಬೇಕು. ಅಲ್ಲಿ ಹೆದ್ದಾರಿಯಲ್ಲಿ ಕೊಲ್ಲಾಪುರದ ವ್ಯಾಪಾರಿಯ ಲಾರಿ ಕಾಯುತ್ತದೆ. ಮಾಲು ಇಳಿಸಿ, ತನ್ನ ಕಾಲ ಮೇಲೆ ತಾನೇ ಮನೆಗೆ ಬಂದರೆ ಎತ್ತು ಮಾರುವುದು. ದಾರಿಯಲ್ಲಿ ನಿಂತು, ಎತ್ತು ಹೋಗಿ ಎಳೆದು ತರಬೇಕಾದರೆ (ಹಿಂದೆ ಹಾಗೆ ಆದದ್ದಿದೆ) ಮಾರುವುದು ಮೋಟಾರು. ಹುಕ್ಕೇರಿಯಿಂದ ಎತ್ತು ಕೊಳ್ಳುವವರು ಮಂಗಳವಾರ ಬರುವುದೆಂದು ಮಾತಾಗಿತ್ತು.

ಅದಕ್ಕೇ ಭಾನುವಾರದ ಈ ಎಣ್ಣೆ ಬದಲಿಸುವ ಕೆಲಸ. ಮೋಟಾರಿಗೆ ಎಣ್ಣೆ ಎಂದರೆ ಎಂಜಿನ್ನಿಗೆ ಹಾಕುವ ಎಣ್ಣೆ ಎಂದಷ್ಟೇ ನಾನು ತಿಳಿದಿದ್ದೆ. ನೀವೂ ಹಾಗೇ ತಿಳಿದಿದ್ದೀರಾ? ಎಂಜಿನ್ನು ತಿರುಗಿಸಿದ ಬಲ ಗಾಲಿಗೆ ಮುಟ್ಟುವ ದಾರಿಯಲ್ಲಿ ಇನ್ನೂ ಎರಡು ಎಣ್ಣೆಯ ಮನೆಗಳಿವೆ. ನಡುವೆ ಗೇರ್ ಬಾಕ್ಸ್. ಹಿಂದಿನ ಅಚ್ಚಿನ ಮಧ್ಯೆ ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು. ಅದರೊಳಗೆ ಹಲ್ಲಿನ ಚಕ್ರಗಳು. ಅವುಗಳ ಎಣ್ಣೆ ಹಳೆಯದಾದರೆ ಹಲ್ಲು ಸವೆಯುತ್ತವೆ.

ಈರಪ್ಪ ಮೊದಲು ಗಾಡಿಯನ್ನು ಕಲ್ಲೋಳಿ ದಾರಿಯಲ್ಲಿ ಒಂದಿಷ್ಟು ಓಡಿಸಿ ತಂದ. ಏಕೆ?

“ತಣ್ಣಗಿದ್ದರ ಎಣ್ಣಿ ಹೊರಗ ಬರೂದಿಲ್ಲೋ. ಕಾಸಿ ತಂದೇನಿ.”

ಕೆಳಗಿನ ಬೂಚು ಬಿಚ್ಚಲು ನಾನು ಪಾನಾ ಹಾಕಹೋದೆ. ಕೈ ಹಿಡಿದ.

“ಮೊದಲ ಮ್ಯಾಲಿಂದು ಬಿಚ್ಚಬೇಕು. ಕೆಳಗಿಂದು ಬಿಚ್ಚಿ ಎಲ್ಲಾ ಚೆಲ್ಲಿದ ಮ್ಯಾಲೆ ಮ್ಯಾಲಿಂದು ತುಕ್ಕು ಹಿಡದು ಕುಂತಿತ್ತಂದ್ರ ಹೊಸಾದು ಎಲ್ಲಿ ಹಾಕ್ತಿ, ನಿನ್ನ ಬಾಯಾಗೇನ?”

ಗೇರ್ ಬಾಕ್ಸಿನಿಂದ ಕರಿ ಎಣ್ಣೆ ನೀರಿನ ಹಾಗೆ ಬಂತು. ಈರಪ್ಪ ಬೆರಳಿಗೆ ಹಚ್ಚಿಕೊಂಡು ಬಿಸಿಲಿಗೆ ಹಿಡಿದ. ಕಬ್ಬಿಣದ ಚೂರಿಲ್ಲ. ಸಂತೋಷವಾಯಿತು. ಆಮೇಲೆ ಹಿಂದಿನ ಅಚ್ಚಿಗೆ ಬಂದೆವು.

ಅಲ್ಲಿಂದ ಏನೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಕಂಬಿಯಂಥದ್ದು ಒಂದು ಎಳೆಯಾಗಿ ಇಳಿಯತೊಡಗಿತು. ಎಳೆ ನಡುವೆ ಹರಿಯಲೂ ಇಲ್ಲ. ಈರಪ್ಪ ಮೂಸಿದ. ನನ್ನ ಮೂಗಿಗೂ ಹಿಡಿದ. ಸಂಶಯವೇ ಇರಲಿಲ್ಲ. ಮಕ್ಕಳಿಗೆ ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿಸುವ ಎಣ್ಣೆ.

ಈರಪ್ಪ ಗಾಡಿಯ ಕೆಳಗಿನಿಂದ ಹೊರಗೆ ಬಂದ. ಸತ್ತೆಪ್ಪಕಾಕಾ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು.

“ಕಾಕಾ, ಇದರಾಗ ಔಡಲೆಣ್ಣಿ ಯಾರು ಹಾಕಿದ್ರು?”

“ನಾನ.”

“ಯಾವಾಗ?”

“ಸಂತಿಗೆ ಹೋಗೂ ಮುಂದ. ಪ್ರತಿ ಸಂತಿಗೂ.” ಹಗ್ಗದಿಂದ ಕಣ್ಣು ಎತ್ತಲಿಲ್ಲ.

ಅಷ್ಟರಲ್ಲಿ ಗಂಗವ್ವ ಬಾಗಿಲಿಗೆ ಬಂದಿದ್ದರು. ಈರಪ್ಪನ ತಲೆಯಲ್ಲಿ ಏನು ಬಂತೆಂದು ಹಿತ್ತಲಲ್ಲಿದ್ದ ಎಲ್ಲರಿಗೂ ತಿಳಿಯಿತು. ಮೋಟಾರು ಕೆಟ್ಟರೆ ಎತ್ತು ಉಳಿಯುತ್ತವೆ. ಎತ್ತು ಯಾರವು?

ಅವನು ಅದನ್ನು ಬಾಯಿಬಿಟ್ಟೇ ಕೇಳಿದ. “ಕೆಡಸಬೇಕಂತ ಹಾಕಿದಿಯೇನ?”

“ಕೆಡಸಾಕ ಔಡಲೆಣ್ಣಿ ಯಾಕ ಬೇಕೋ? ಒಂದು ಹಿಡಿ ಉಸುಕು ಸಾಕಿತ್ತು.”

ಪತ್ರಿಕೆಯವನಾದ ನನಗೆ ಉತ್ತರಕ್ಕಿಂತ ಪ್ರಶ್ನೆ ಮುಖ್ಯ. ನಾನು ಕಟ್ಟೆಯ ಮೇಲೆ ಕಾಕಾನ ಬಾಜೂ ಕೂತು ಕೇಳಿದೆ: ಹಾಕಿದ್ದು ಯಾಕ್ರಿ?

“ಪೇಪರದಾಗ ಹಾಕಾಂವೇನ?”

“ನೋಡೋಣ್ರಿ.”

“ಹಂಗಾರ ನೆಟ್ಟಗ ಬರಿ.”

ನೆಟ್ಟಗೆ ಬರೆಯುತ್ತೇನೆ. ಚಕ್ಕಡಿಯವರ ಮನೆಯಲ್ಲಿ ಅಚ್ಚಿಗೆ ಎಣ್ಣೆ ಬಿಡದೆ ನೊಗ ಎತ್ತುವುದಿಲ್ಲ. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಇಟ್ಟಿರುತ್ತಾರೆ. ಮಳೆ ಇರಲಿ, ಹಬ್ಬ ಇರಲಿ, ಹೊರಡುವ ಮೊದಲು ಎರಡೂ ಗಾಲಿಗೆ ಅದು ಬೀಳಬೇಕು. ಒಣಗಿದ ಗಾಲಿ ಕಿರುಗುಟ್ಟುತ್ತದೆ. “ಚಕ್ಕಡಿ ಕಿರುಗುಟ್ಟಿದ್ರ ಮಂದಿ ಎತ್ತಿನ ಕಡೆ ನೋಡೂದಿಲ್ಲ, ಹೊಡಿಯಾಂವನ ಕಡೆ ನೋಡ್ತಾರ,” ಎಂದರು ಕಾಕಾ.

ಈ ಮೋಟಾರು ಮನೆಗೆ ಬಂದ ಮೊದಲ ದಿನ ಈರಪ್ಪನೇ ಖುಷಿಯಲ್ಲಿ ಅವರಿಗೆ ಎಲ್ಲ ಬೂಚುಗಳನ್ನು ತೋರಿಸಿದ್ದನಂತೆ: ಇಲ್ಲಿ ಎಣ್ಣೆ, ಇಲ್ಲಿ ನೀರು, ಇಲ್ಲಿ ಎಣ್ಣೆ. ಆಮೇಲೊಂದು ದಿನ ಗಾಡಿ ಸಂತೆಯಿಂದ ಬರುವಾಗ ಹಿಂದಿನಿಂದ ದುಂಬಿ ಗುಂಯ್‌ಗುಟ್ಟಿದ ಹಾಗೆ ಸದ್ದು ಕೇಳಿತಂತೆ. ಈರಪ್ಪನಿಗೆ ಕೇಳಿರಲಿಲ್ಲ. ಎಂಜಿನ್ನಿನ ಹಿಂದೆಯೇ ಕೂತವನಿಗೆ ಹೇಗೆ ಕೇಳೀತು? ಕಾಕಾ ಮನೆಯ ಮುಂದೆ ನಿಂತಿದ್ದರು. ಅವರಿಗೆ ಕೇಳಿತು. ಅದರ ಮುಂದಿನ ಸಂತೆಯಿಂದ ಶುರು.

“ಎಣ್ಣಿ ಎಣ್ಣಿಗೆ ಜಾತಿ ಇರ್ತೈತಿ ಕಾಕಾ,” ಎಂದ ಈರಪ್ಪ. ಮಿಲಿಟರಿಯಲ್ಲಿ ಪ್ರತಿ ಡಬ್ಬಿಗೆ ನಂಬರು, ಪ್ರತಿ ನಂಬರಿಗೆ ಒಂದು ತೂತು. “ಒಂದರಾಗ ಒಂದು ಬೆರಸಬಾರದು.”

“ಎಣ್ಣಿಗೂ ಜಾತಿ ಮಾಡ್ಯಾರೇನ? ಲಿಂಗಾ ಕಟಗೊಂಡಾಂವ ಆಡೂ ಮಾತೇನೋ ಇದು?”

ಗಂಗವ್ವ ಸೆರಗನ್ನು ಬಾಯಿಗೆ ಹಿಡಿದು ಒಳಗೆ ಹೋದರು.

ಈರಪ್ಪ ಮಾತು ಬಿಟ್ಟು ಕೆಲಸ ಹಿಡಿದ. ಅಂಟು ಬಿಡಿಸಲು ಚಿಮಣಿ ಎಣ್ಣೆ ಬೇಕೆಂದ. ರೇಷನ್ನಿನ ಸೀಮೆಎಣ್ಣೆ. ಗಂಗವ್ವ ಮತ್ತೆ ಹೊರಗೆ ಬಂದರು. ಈ ಸಲ ನಗು ಇರಲಿಲ್ಲ.

“ಮನ್ಯಾಗ ದೀಪಾ ಹಚ್ಚೂದು ಬಿಟ್ಟು ಇದರ ಹೊಟ್ಟಿ ತೊಳೀತೀಯೇನ? ನಾಳಿ ಕತ್ತಲಾಗ ರೊಟ್ಟಿ ಬಡೀಲೇನ?”

ಕೊಟ್ಟರು ಮಾತ್ರ. ಹೊಟ್ಟೆ ತೊಳೆದೆವು. ಬಂದ ರಾಡಿಯಲ್ಲಿ ಮಸಿ ಇತ್ತು, ಔಡಲೆಣ್ಣೆ ಇತ್ತು, ಹಳೆಯ ಗೇರ್ ಆಯಿಲ್ಲಿನ ಗಂಟುಗಳಿದ್ದವು. ಕಬ್ಬಿಣದ ಚೂರು ಇಲ್ಲಿಯೂ ಇರಲಿಲ್ಲ. ಇದನ್ನು ನಾನು ಕಾಕಾಗೆ ಹೇಳಿದೆ. ಅವರು ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದರು.

ಬೆಳಗಾವಿಯ ಗೆಳೆಯನೊಬ್ಬನಿಂದ ಈರಪ್ಪ ಹೊಸ ಗೇರ್ ಆಯಿಲ್ ತಂದಿಟ್ಟಿದ್ದ. ಈ ದಿನಗಳಲ್ಲಿ ಅದು ಸಿಗುವುದೇ ದೊಡ್ಡದು. ಎರಡೂ ಕಡೆ ಮೇಲಿನ ತೂತಿನಿಂದ ತಾನಾಗಿ ಹೊರಗೆ ತುಳುಕುವವರೆಗೆ ಹಾಕಿ ಬೂಚು ಬಿಗಿದೆವು. ಅಲ್ಲಿಗೆ ಕೆಲಸ ಮುಗಿಯಿತು. ಕೈ ತೊಳೆದು ಊಟಕ್ಕೆ ಕೂತೆವು. ರೊಟ್ಟಿಗೂ ಗೇರ್ ಆಯಿಲ್ಲಿನ ವಾಸನೆ ಇತ್ತು.

ಊಟ ಮಾಡಿ ಹೊರಗೆ ಬಂದಾಗ ಹಿಂದಿನ ಎಡ ಗಾಲಿಯ ಒಳಬದಿ ಹಸಿಯಾಗಿತ್ತು. ಕೆಳಗೆ ಮಣ್ಣಿನಲ್ಲಿ ರೊಟ್ಟಿಯಗಲದ ಕರಿ ಕಲೆ. ನೋಡುತ್ತಿದ್ದ ಹಾಗೆ ಇನ್ನೊಂದು ಹನಿ ಬಿತ್ತು.

ಅಚ್ಚು ಗಾಲಿಯನ್ನು ಕೂಡುವ ಕಡೆ ಎಣ್ಣೆ ಹೊರಗೆ ಬಾರದಂತೆ ಒಂದು ಉಣ್ಣೆಯ ಬಳೆ ಇರುತ್ತದಂತೆ. ಅದು ಸವೆದಿತ್ತು. ಹೊಸದು ಬೆಳಗಾವಿಯಲ್ಲಿ ಸಿಕ್ಕರೆ ಸಿಕ್ಕೀತು. ಅಂದು ಭಾನುವಾರ. ಬೆಲ್ಲ ಮರುದಿನ ಮುಂಜಾನೆ ಹೊರಡಬೇಕು. ಗೋಕಾಕ ದಾಟಿದರೆ ಜಲಪಾತದ ಪಕ್ಕದಲ್ಲಿ ಫಾಲ್ಸ್‌ನ ಏರು. ಎಣ್ಣೆ ಸೋರಿ ಖಾಲಿಯಾದ ಅಚ್ಚು ಆ ಏರನ್ನು ಹತ್ತೀತೇ?

ಈರಪ್ಪ ಕುಕ್ಕರಗಾಲಲ್ಲಿ ಕೂತ. “ಮುಂಜಾನಿತನಕ ಸೋರ್ತಿರಲಿಲ್ಲಲ್ಲ.”

“ಸೋರ್ತಿತ್ತು,” ಎಂದರು ಕಾಕಾ. “ಮೊದಲೂ ಸೋರ್ತಿತ್ತು. ನಾ ಈ ದಪ್ಪ ಎಣ್ಣಿ ಹಾಕಿದ ಮ್ಯಾಲೆ ನಿಂತಿತ್ತು.”

“ಮತ್ತ ಹೇಳಬೇಕಿಲ್ಲೋ?”

“ಹೇಳಿದ್ರ ಏನಂತಿದ್ದಿ? ಎತ್ತು ಮಾರಬ್ಯಾಡಂತ ಕಾಕಾ ಹೊಸಾ ನೆವ ತಗದಾನ ಅಂತಿದ್ದಿ. ಅಂತಿದ್ದಿಲ್ಲೋ?”

ನಿನ್ನ ಗಾಡಿ ಸೋರುತ್ತದೆ ಎಂದು ಒಂದೇ ಮನೆಯಲ್ಲಿರುವ ಕಾಕಾ ಅಣ್ಣನ ಮಗನಿಗೆ ಹೇಳುವ ಹಾಗಿರಲಿಲ್ಲ. ಎಣ್ಣೆ ಹಾಕುವ ಹಾಗಿತ್ತು. ಹಾಕುತ್ತಾ ಬಂದರು. ನಮ್ಮ ಮನೆಗಳಲ್ಲಿ ಇಂಥದು ಎಷ್ಟು ನಡೆಯುತ್ತದೆ ಎಂದು ನಿಮ್ಮ ನಿಮ್ಮ ಮನೆ ನೋಡಿಕೊಂಡು ಹೇಳಿ. ಸೊಸೆ ಉಪ್ಪು ಮರೆತ ಸಾರಿಗೆ ಅತ್ತೆ ಸದ್ದಿಲ್ಲದೆ ಉಪ್ಪು ಹಾಕಿರುತ್ತಾಳೆ. ಒಂದು ದಿನ ಇಬ್ಬರೂ ಹಾಕಿದಾಗ ವಿಷಯ ಹೊರಬೀಳುತ್ತದೆ.

ಹನಿ ಬೀಳುತ್ತಲೇ ಇತ್ತು. ಈಗ ಕಾಕಾ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಹಗ್ಗ ಹೊಸೆಯುತ್ತ ಕೂತಿದ್ದರೆ ಸಾಕಿತ್ತು. ಗಾಡಿ ದಾರಿಯಲ್ಲಿ ನಿಲ್ಲುತ್ತಿತ್ತು, ಎತ್ತು ಹೋಗುತ್ತಿದ್ದವು, ಎಳೆದು ತರುತ್ತಿದ್ದವು. ಕರಾರು ಗಂಗವ್ವನೇ ಹಾಕಿದ್ದು. ಯಾರೂ ಕಾಕಾನತ್ತ ಬೆರಳು ತೋರಿಸುವಂತಿರಲಿಲ್ಲ.

ಕಾಕಾ ಎದ್ದು ಕೊಟ್ಟಿಗೆಗೆ ಹೋದರು. ಮೇವು ಹಾಕಲು ಎಂದುಕೊಂಡೆ. ಬರುವಾಗ ಕೈಯಲ್ಲಿ ಔಡಲೆಣ್ಣೆಯ ಡಬ್ಬಿ ಇತ್ತು. ಮಸಿ ಕಲಸದ, ತಿಳಿ ಎಣ್ಣೆ.

“ತಗಿ ಆ ಬೂಚ.”

“ಕಾಕಾ, ನಾಳಿ ಇದು ಹೋಗಿ ಬಂದ್ರ...”

“ನನಗ ಗೊತ್ತೈತಿ. ತಗಿ.”

ಈರಪ್ಪ ಗಂಗವ್ವನ ಮುಖ ನೋಡಿದ. ಅವರು ನೆಲ ನೋಡುತ್ತಿದ್ದರು.

ಹೊಸ ಗೇರ್ ಆಯಿಲ್ಲನ್ನು ಮತ್ತೆ ಪರಾತಕ್ಕೆ ಬಸಿದು ಡಬ್ಬಿಗೆ ತುಂಬಿಟ್ಟೆವು. ಕಾಕಾ ತಾವೇ ಮಣ್ಣಲ್ಲಿ ಮೊಣಕಾಲೂರಿ, ಲಾಳಿಕೆಯಿಟ್ಟು, ಒಂದು ಹನಿ ಹೊರಗೆ ಬೀಳದಂತೆ ಔಡಲೆಣ್ಣೆ ಹೊಯ್ದರು.

“ಬರ್ಮಾದಾಗ ಎಣ್ಣಿ ತೀರಿದಾಗ ಏನೇನೋ ಹಾಕಿ ಓಡಿಸೇವಿ,” ಎಂದ ಈರಪ್ಪ ಬೂಚು ಬಿಗಿಯುತ್ತ. “ಇದೊಂದು ಹಾಕಿರಲಿಲ್ಲ.”

“ನೀವು ಸೋತು ಹಿಂದ ಸರದಿದ್ದು ಅದಕ್ಕ ಇರಬೇಕು,” ಎಂದರು ಕಾಕಾ.

ಕತ್ತಲಾಗುವವರೆಗೆ ಕಾದು ನೋಡಿದೆವು. ಗಾಲಿ ಒಣಗಿಯೇ ಇತ್ತು.

ಸೋಮವಾರ ಮುಂಜಾನೆ ಬೆಲ್ಲದ ಪೆಂಟೆಗಳ ಮೇಲೆ ಕೂತು ನಾನು ಗೋಕಾಕದವರೆಗೆ ಬಂದೆ. ಇಲ್ಲಿ ಇಬ್ಬರು ಮೋಟಾರು ಮೇಸ್ತ್ರಿಗಳನ್ನು ಕೇಳಿದೆ. ಅಚ್ಚಿಗೆ ಔಡಲೆಣ್ಣೆ ಹಾಕಬಹುದೇ? ಮೊದಲನೆಯವರು ಹಾಕಬಾರದು ಎಂದರು. ಏಕೆ ಎಂದರೆ, “ಯಾರೂ ಹಾಕೂದಿಲ್ಲರಿ” ಎಂದರು. ಎರಡನೆಯವರು ಹಾಕಬಹುದು, ಓಡುತ್ತದೆ, ಆದರೆ ಬಿಟ್ಟರೆ ಅಂಟಾಗುತ್ತದೆ, ಆಗಾಗ ತೊಳೆಯಬೇಕು ಎಂದರು. ತಾವು ಎಂದಾದರೂ ಹಾಕಿದ್ದೀರಾ? ಇಲ್ಲ. ಓದುಗರಲ್ಲಿ ಹಾಕಿ ನೋಡಿದವರಿದ್ದರೆ ತಿಳಿಸಬೇಕು.

ಉಳಿದದ್ದು ಈರಪ್ಪ ಕಳಿಸಿದ ಸುದ್ದಿ.

ಗಾಡಿ ಫಾಲ್ಸ್‌ನ ಏರು ಹತ್ತಿತು. ಹತ್ತರಗಿಯಲ್ಲಿ ಬೆಲ್ಲ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಗಾಡಿ ಮೂಡಲಗಿಯ ಮನೆಯ ಮುಂದೆ ಬಂದು ನಿಂತಿತು. ಕಾಕಾ ಹಿಂದಿನ ಅಚ್ಚಿಗೆ ಅಂಗೈ ಹಚ್ಚಿ ನೋಡಿ, ಬಿಸಿಯಾಗಿಲ್ಲ ಎಂದರು.

ಮಂಗಳವಾರ ಹುಕ್ಕೇರಿಯವರು ಬಂದು ಎತ್ತುಗಳ ಹಲ್ಲು ನೋಡಿದರು, ನಡೆಸಿ ನೋಡಿದರು, ಒಪ್ಪಿದರು. ಎತ್ತುಗಳನ್ನು ತಾವು ಹೊಡೆದುಕೊಂಡು ಹೋಗುತ್ತೇವೆ ಎಂದರು. ಅವು ಹೊಸಬರ ಜೊತೆ ಹೋಗುವುದಿಲ್ಲ, ನಾನೇ ಮುಟ್ಟಿಸುತ್ತೇನೆ ಎಂದರು ಕಾಕಾ. ಹಾಗಾದರೆ ಅಲ್ಲಿಂದ ನಿನ್ನನ್ನು ಮೋಟಾರಿನಲ್ಲಿ ಕರೆತರುತ್ತೇನೆ ಎಂದ ಈರಪ್ಪ. ಬುಧವಾರ ನಸುಕಿನಲ್ಲಿ ಕಾಕಾ ಎತ್ತು ಹೊಡೆದುಕೊಂಡು ನಡೆದರು.

ಗುರುವಾರ ರಾತ್ರಿ ಹುಕ್ಕೇರಿ ಮುಟ್ಟಿದರು. ಶುಕ್ರವಾರ ಈರಪ್ಪ ಪಿಕಪ್ ತೆಗೆದುಕೊಂಡು ಹೋದ. ಕಾಕಾ ಎತ್ತು ಕೊಂಡವರ ಕೊಟ್ಟಿಗೆಯಲ್ಲಿದ್ದರು. ಎಡಗಡೆಯ ಎತ್ತು ಇನ್ನೂ ಮೇವು ಮುಟ್ಟಿಲ್ಲ, ಮುಟ್ಟಲಿ, ಆಮೇಲೆ ನೋಡೋಣ ಎಂದರಂತೆ. ಈರಪ್ಪ ಖಾಲಿ ಗಾಡಿ ತಂದ.

ಶನಿವಾರ ಸಂಜೆ ಈ ಬರಹ ಮುದ್ರಣಕ್ಕೆ ಹೋಗುವವರೆಗೆ ಸತ್ತೆಪ್ಪಕಾಕಾ ಮೂಡಲಗಿಗೆ ಮರಳಿಲ್ಲ.